ಸಂಬಳ ಬಿಟ್ಟು ಸ್ವಂತ ವೈರಿಂಗ್ ಕೆಲಸಕ್ಕೆ: ರಾಜೀನಾಮೆಗೆ ಮುನ್ನ ಮಾಡಬೇಕಾದ್ದು

ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಎಂಟು–ಹತ್ತು ವರ್ಷ ದುಡಿದ ಎಲೆಕ್ಟ್ರಿಷಿಯನ್‌ಗೆ ಕೈಕೆಲಸ ಹೇಳಿಕೊಡಬೇಕಾಗಿಲ್ಲ. ಅವನಿಗೆ ಹೊಸದೆಂದರೆ ಕಾಗದಪತ್ರ ಮತ್ತು ಹಣದ ಲೆಕ್ಕ. ಇವೆರಡನ್ನೂ ಸಂಬಳ ಬರುತ್ತಿರುವಾಗಲೇ ಮುಗಿಸಿಕೊಳ್ಳಬೇಕು.

ಮೊದಲ ಹೆಜ್ಜೆ ಪರ್ಮಿಟ್. ಎರಡು ವರ್ಷದ ಐಟಿಐ ಪ್ರಮಾಣಪತ್ರ ಕಾರ್ಖಾನೆಯ ನೌಕರಿಗೆ ಸಾಕಾಗಬಹುದು, ಆದರೆ ಊರವರ ಮನೆಗೆ ವೈರಿಂಗ್ ಮಾಡಲು ಅದೊಂದೇ ಸಾಲದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯ ಬದಲಾಗದಂತೆ ಬದಲಿಸುವುದಕ್ಕೆ ನಿಯಮದಲ್ಲಿ ವಿನಾಯಿತಿಯಿದೆ. ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟ್ ಮೊದಲಾದವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಈ ಮೂರನ್ನೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುತ್ತದೆ. ಜನರ ಬಾಯಲ್ಲಿ ಇಂದಿಗೂ ‘ಕೆಇಬಿ’ಯಾಗಿಯೇ ಉಳಿದಿರುವ ಸೆಸ್ಕ್‌ನಿಂದ ಹೊಸ ಮನೆಗೆ ಮೀಟರ್ ಪಡೆಯಲು ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿಯುಳ್ಳ ವರದಿ ಬೇಕು. ಆ ಸಹಿಯನ್ನು ದುಡ್ಡು ಕೊಟ್ಟು ತರುವ ಅಡ್ಡದಾರಿ ಬೇಡ. ಶಾರ್ಟ್ ಸರ್ಕಿಟ್ ಆದ ದಿನ ಸಹಿ ಹಾಕಿದವರೂ ಕೆಲಸ ಮಾಡಿದವರೂ ಒಟ್ಟಿಗೆ ಸಿಕ್ಕಿಬೀಳುತ್ತಾರೆ. ಸ್ವಂತ ಲೈಸೆನ್ಸ್ ಕೈಗೆ ಬರುವವರೆಗೆ ಲೈಸೆನ್ಸ್ ಇರುವ ಒಬ್ಬ ಗುತ್ತಿಗೆದಾರರ ಕೈಕೆಳಗೆ ರಾಜಾರೋಷವಾಗಿ ದುಡಿಯುವುದೇ ಮೇಲು. ಕಾರ್ಖಾನೆಯಿಂದ ಅನುಭವ ಪ್ರಮಾಣಪತ್ರವನ್ನೂ, ಯಾವ ಬಗೆಯ ಕೆಲಸ ಮಾಡಿದಿರಿ ಎಂಬ ವಿವರದೊಡನೆ, ಹೊರಡುವ ಮುನ್ನವೇ ಬರೆಸಿಕೊಳ್ಳಿ.

ಎರಡನೆಯದು, ಬಿಡುವ ದಿನಾಂಕ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ 5 ವರ್ಷ ಸತತ ಸೇವೆಯಾಗಿರಬೇಕು, ಪಿಎಫ್‌ನ ಪಿಂಚಣಿಗೆ 10 ವರ್ಷ. ಒಂಬತ್ತು ವರ್ಷಕ್ಕೆ ಮೇಲಧಿಕಾರಿಯ ಮೇಲಿನ ಸಿಟ್ಟಿಗೆ ಎದ್ದು ಬರುವುದು ದುಬಾರಿ ಸಿಟ್ಟು. ಇಎಸ್‌ಐ ಇದ್ದವರಿಗೆ ಆ ರಕ್ಷಣೆಯೂ ಕ್ರಮೇಣ ತಪ್ಪುವುದರಿಂದ ಆರೋಗ್ಯ ವಿಮೆ ಮಾಡಿಸಿಕೊಳ್ಳಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ 2 ಲಕ್ಷ ರೂಪಾಯಿವರೆಗೆ ಅಪಘಾತ ವಿಮೆಯಿದೆ, ಏಣಿ ಹತ್ತುವವರಿಗೆ ಅದು ಇರಲೇಬೇಕು.

ತಿಂಗಳನ್ನೂ ನೋಡಿ ಆರಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರದ ಕಡೆ ಮಳೆ ಹಿಡಿದರೆ ಮೋಲ್ಡ್ (ತಾರಸಿಯ ಕಾಂಕ್ರೀಟು) ಹಾಕುವವರು ಕಡಿಮೆ, ಆಷಾಢದಲ್ಲಿ ಗೃಹಪ್ರವೇಶವೂ ಇಲ್ಲ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾಗಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರುಗಳು ತಿರುಗತೊಡಗುತ್ತವೆ, ಫೆಬ್ರವರಿ–ಮಾರ್ಚ್‌ನಲ್ಲಿ ತೋಟಗಳಿಗೆ ಸ್ಪ್ರಿಂಕ್ಲರ್, ಬೇಸಿಗೆಯಲ್ಲಿ ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಸ್ಟಾರ್ಟರ್ ರಿಪೇರಿ. ಅಕ್ಟೋಬರ್ ಕೊನೆಗೆ ಹೊರಬಂದವರಿಗೆ ಏಳು ತಿಂಗಳ ಹಾದಿ ಸಿಗುತ್ತದೆ.

ಇನ್ನು ದರ. ಕೈಗೆ ಬರುತ್ತಿದ್ದ ಸಂಬಳ 22,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರು ಕಟ್ಟುತ್ತಿದ್ದ ಪಿಎಫ್ ಮತ್ತು ಬೋನಸ್ಸಿಗೆ 4,000, ಪೆಟ್ರೋಲು, ಫೋನು, ಸಾಮಾನಿನ ಸವಕಲಿಗೆ 6,000, ವಿಮೆಗೂ ಆಪತ್ತಿಗೂ 4,000 ಸೇರಿಸಿದರೆ 36,000 ಆಗುತ್ತದೆ. ಎಸ್ಟಿಮೇಟ್ ಕೊಡಲು, ಅಂಗಡಿಗೆ ಓಡಾಡಲು ಹೋದ ದಿನಗಳನ್ನು ಕಳೆದರೆ ತಿಂಗಳಿಗೆ ಕೂಲಿ ಹುಟ್ಟುವುದು 18 ದಿನ ಎನ್ನೋಣ; ಅಂದರೆ ದಿನಕ್ಕೆ 2,000 ರೂಪಾಯಿ ಬೀಳಲೇಬೇಕು. ಪಕ್ಕದವನು ಕಡಿಮೆಗೆ ಮಾಡುತ್ತಾನೆಂದು ಇದಕ್ಕಿಂತ ಕೆಳಗಿಳಿದರೆ ನೌಕರಿಯೇ ವಾಸಿಯಿತ್ತು.

ಸಲಕರಣೆಯಲ್ಲಿ ಮೆಗ್ಗರ್‌ಗೆ, ಅಂದರೆ ವೈರಿನ ಇನ್ಸುಲೇಷನ್ ಅಳೆಯುವ ಮೀಟರಿಗೆ, ಜಿಪುಣತನ ಬೇಡ. ಜುಲೈನಲ್ಲಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಿಂದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು) ಮತ್ತೆ ಮತ್ತೆ ಬೀಳುತ್ತಿದೆ ಎಂದು ಕರೆ ಬಂದರೆ, “ಸದ್ಯಕ್ಕೆ ಡೈರೆಕ್ಟ್ ಕೊಟ್ಟುಬಿಡಿ” ಎನ್ನುವವರೇ ಹೆಚ್ಚು. ಆದರೆ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂತೆ ಅದನ್ನು ಹಾಕಿರುವುದು ಪ್ರಾಣ ಉಳಿಸಲೆಂದು. ಮೇನ್ ತೆಗೆದು, ಉಪಕರಣಗಳನ್ನೆಲ್ಲ ಕಳಚಿ, ಒಂದೊಂದೇ ಸರ್ಕಿಟ್ಟಿಗೆ 500 ವೋಲ್ಟಿನ ಮೆಗ್ಗರ್ ಹಿಡಿಯಿರಿ. ಒಂದು ಮೆಗಾಓಮ್‌ಗಿಂತ ಕೆಳಗಿಳಿದ ಸರ್ಕಿಟ್ಟಿನ ಬೋರ್ಡು ಬಿಚ್ಚಿದರೆ, ಮಳೆ ಬಡಿಯುವ ಗೋಡೆಯ ಪೈಪಿನಿಂದ ನೀರು ಜಿನುಗಿ ಸ್ವಿಚ್ಚಿನ ಹಿಂದೆ ಹಸಿರು ಕಿಲುಬು ಕಟ್ಟಿರುವುದು ಕಾಣಬಹುದು. ಆ ಕಿಲುಬನ್ನು ಮನೆಯವರಿಗೆ ತೋರಿಸಿ. ಕೂಲಿಯ ಬಗ್ಗೆ ಚೌಕಾಸಿ ತಾನಾಗಿ ತಗ್ಗುತ್ತದೆ.

ನೋಂದಣಿಗಳ ಭಯ ಬೇಡ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಕುಶಲಕರ್ಮಿಗಳಿಗೆ ನೆರವು ಕೊಡುವ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಎಲೆಕ್ಟ್ರಿಷಿಯನ್ ಇಲ್ಲ, ಸಲಕರಣೆಗೆ ಸಾಲ ಬೇಕಿದ್ದರೆ ಮುದ್ರಾ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಕೇಳಬಹುದು.

ಕೊನೆಯದಾಗಿ, ವಸೂಲಿ. ಮನೆ ವೈರಿಂಗನ್ನು ಚದರದ ಲೆಕ್ಕದಲ್ಲಿ ಒಪ್ಪಿಕೊಂಡರೆ ಮೋಲ್ಡಿಗೆ ಪೈಪ್ ಹಾಕಿದಾಗ, ಗೋಡೆ ಕೊರೆದು ಬಾಕ್ಸ್ ಕೂರಿಸಿದಾಗ, ವೈರ್ ಎಳೆದಾಗ, ಫಿಟಿಂಗ್‌ಗೆ ಮುನ್ನ ಎಂದು ನಾಲ್ಕು ಕಂತನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೊನೆಯ ಕಂತನ್ನು ಗೃಹಪ್ರವೇಶದ ನಂತರಕ್ಕೆ ಬಿಡಬೇಡಿ; ಆ ಹೊತ್ತಿಗೆ ಮನೆಯವರ ಕೈಯಲ್ಲಿದ್ದ ದುಡ್ಡು ಅಡುಗೆಯವರಿಗೂ ಶಾಮಿಯಾನದವರಿಗೂ ಹೋಗಿರುತ್ತದೆ.