ತಕಧಿಮಿ ತಕಧಿಮಿ ತಕಿಟ ತಕಿಟ ತಕ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿಗೆ ಬಂದ ಹೊಸದು. ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಹಾಡಿಗೆ ನನ್ನ ಕಾರಿನ ಗಾಜು ಅದುರುತ್ತಿತ್ತು. ಅದು ಜರ್ಸಿ ಕ್ಲಬ್ ಅನ್ನೋ ಕುಣಿತದ ಸಂಗೀತ ಅಂತ ಆಮೇಲೆ ಆಫೀಸಿನ ಹುಡುಗನೊಬ್ಬ ಹೇಳಿದ. ಹುಟ್ಟಿದ್ದು ಇಲ್ಲೇ, ನ್ಯೂವರ್ಕ್‌ನಲ್ಲಿ. ಬಾಲ್ಟಿಮೋರ್‌ನ ಕ್ಲಬ್ ಸಂಗೀತವನ್ನು ನ್ಯೂವರ್ಕ್‌ನಲ್ಲಿ ನುಡಿಸಿ, ಆಮೇಲೆ ತಮ್ಮದೇ ಟ್ರ್ಯಾಕ್ ಮಾಡತೊಡಗಿದವರಲ್ಲಿ ಡಿಜೆ ತಮೀಲ್ ಮೊದಲಿಗರು. ಆಗ ಇದನ್ನು ಬ್ರಿಕ್ ಸಿಟಿ ಕ್ಲಬ್ ಅನ್ನುತ್ತಿದ್ದರು. ಬ್ರಿಕ್ ಸಿಟಿ ಅನ್ನೋದು ನ್ಯೂವರ್ಕ್‌ನ ಅಡ್ಡಹೆಸರು.

ನಾನೂ ಮಾಡಿ ನೋಡೋಣ ಅಂತ ಲ್ಯಾಪ್‌ಟಾಪ್ ತೆರೆದೆ. ವೇಗ ನಿಮಿಷಕ್ಕೆ 138 ಬೀಟ್. ಆದರೆ ಕಿಕ್, ಅಂದರೆ ಡ್ರಮ್ಮಿನ ದಪ್ಪ ಪೆಟ್ಟು, ಕೂರಲೇ ಇಲ್ಲ. ಎರಡು ವಾರ ಕಿವಿಯಲ್ಲಿ ಕೇಳಿ ಕೇಳಿ ಇಟ್ಟರೂ ಅರ್ಧಕ್ಕೆ ಬಂದ ಕೂಡಲೇ ಎಡವುತ್ತಿತ್ತು. ಒಂದು ರಾತ್ರಿ ಊಟದ ಮೇಜಿನ ಮೇಲೆ ಸುಮ್ನೆ ಬೆರಳು ಬಡಿಯುತ್ತಾ ಕೂತಿದ್ದೆ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕಲಿತ ಮೃದಂಗದ ಲೆಕ್ಕ ತಾನಾಗಿ ಬಾಯಿಗೆ ಬಂತು: ತಕಧಿಮಿ ತಕಧಿಮಿ ತಕಿಟ ತಕಿಟ ತಕ. ನಾಲ್ಕು, ನಾಲ್ಕು, ಮೂರು, ಮೂರು, ಎರಡು. ಒಟ್ಟು 16. ಲ್ಯಾಪ್‌ಟಾಪಿನಲ್ಲಿ ತಾಳದ ಒಂದು ಸುತ್ತಿಗೆ ಇರುವ ಮನೆಗಳೂ ಅಷ್ಟೇ. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ಕಿಕ್, ಅಂದರೆ 1, 5, 9, 12, 15ನೇ ಮನೆಗಳಲ್ಲಿ. ಅಷ್ಟೇ! ಮೇಷ್ಟ್ರು ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು, ಇಷ್ಟು ಹೊತ್ತು ಬೇಕಾಯ್ತಾ ಅಂತ.

ಖಾಲಿ ಮನೆಗಳಿಗೆ ದನಿಯ ಚೂರು ಬೇಕು. ಊರಿಗೆ ಹೋದಾಗ ಬಸ್ಸಿನಲ್ಲಿ ರೆಕಾರ್ಡ್ ಮಾಡಿದ್ದ ಕಂಡಕ್ಟರ್ ಕೂಗು ಫೋನಿನಲ್ಲಿತ್ತು. ಕತ್ತರಿಸಿ ಜೋಡಿಸಿದೆ: ರೈ-ರೈ-ರೈಟ್.

ಮೊದಲ ಸಲ ಗೆಳೆಯನ ಮನೆಯ ಪಾರ್ಟಿಯಲ್ಲಿ ಹಾಕಿದಾಗ ಬೇಸ್ ಮಾಯ. ನಾನು ಹೆಡ್‌ಫೋನ್‌ನಲ್ಲೇ ಮಿಕ್ಸ್ ಮಾಡಿದ್ದೆ. ಅಷ್ಟು ತಗ್ಗಿನ ಸ್ವರ ಅವರ ಪುಟ್ಟ ಸ್ಪೀಕರಿಗೆ ನಿಲುಕಲೇ ಇಲ್ಲ. ಈಗ ಅದೇ ಬೇಸನ್ನು ಒಂದು ಸ್ಥಾಯಿ ಮೇಲೆ, ಸ್ವಲ್ಪ ಒರಟು ಮಾಡಿ, ಮೆಲ್ಲಗೆ ಜೊತೆಗಿಡುತ್ತೇನೆ. ಕಿಕ್ ಬಿದ್ದಾಗ ಬೇಸ್ ಒಂದು ಕ್ಷಣ ತಗ್ಗುವಂತೆಯೂ ಮಾಡಿದ್ದೇನೆ. ಇಲ್ಲದಿದ್ದರೆ ಎರಡೂ ಗುದ್ದಾಡಿ ಬರೀ ಗುಂಯ್ ಅನ್ನುತ್ತದೆ.

ಇನ್ನು ಆ ಕಿರುಗುಟ್ಟುವ ಸದ್ದು. ಜರ್ಸಿ ಕ್ಲಬ್‌ನಲ್ಲಿ ಅದು ಒಗ್ಗರಣೆ ಇದ್ದ ಹಾಗೆ. ಟ್ರಿಲ್‌ವಿಲ್ ಅನ್ನೋ ರ‍್ಯಾಪ್ ತಂಡದ 2004ರ ಹಾಡಿನಿಂದ ಬಂದದ್ದು. ನಾನೂ ಧಾರಾಳವಾಗಿ ಹಾಕಿದ್ದೆ. ಹಾಡು ಮುಗಿದ ಮೇಲೆ ಗೆಳೆಯನ ಅಮ್ಮ ಹತ್ತಿರ ಬಂದು, "ಎಲ್ಲಾ ಚೆನ್ನಾಗಿದೆ ಕಣಪ್ಪಾ, ಮಧ್ಯೆ ಅದೇನು ಹಳೇ ಮಂಚದ ಸದ್ದು?" ಅಂದರು. ನಮ್ಮವರ ಪಾರ್ಟಿಗೆ ಅಂತ ಈಗ ಮಂಚ ಇಲ್ಲದ ಪ್ರತಿ ಬೇರೆ ಇಟ್ಟುಕೊಂಡಿದ್ದೇನೆ.