ಅರ್ಧ ಖಾಲಿ ಲೇಔಟ್‌ಗೆ ನೀರು, ಯುಜಿಡಿ ಮಾಡಿದ ಅನುಭವ

ಹೊಸಕೋಟೆ ಕಡೆ ಒಂದು ಖಾಸಗಿ ಲೇಔಟ್‌ಗೆ ನೀರು ಮತ್ತು ಒಳಚರಂಡಿ (ಯುಜಿಡಿ) ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಜಲಮಂಡಳಿಯ ಪೈಪ್ ಅಲ್ಲಿಗೆ ಬಂದಿರಲಿಲ್ಲ. ಬೋರ್‌ವೆಲ್‌ನಿಂದ ಕೊಳಚೆ ನೀರು ಶುದ್ಧ ಮಾಡುವ ಘಟಕದವರೆಗೆ, ಅಂದರೆ ಎಸ್‌ಟಿಪಿವರೆಗೆ, ಎಲ್ಲವೂ ಲೇಔಟ್ ಒಳಗೇ ಆಗಬೇಕಿತ್ತು.

ಲೆಕ್ಕ ಸುಲಭ. 300 ಸೈಟು, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್. ಒಟ್ಟು ಸುಮಾರು 2 ಲಕ್ಷ ಲೀಟರ್. ಅದರಲ್ಲಿ ಶೇ. 80 ಕೊಳಚೆ ಅಂತ ಹಿಡಿದರೆ 160 ಕೆಎಲ್‌ಡಿ ಎಸ್‌ಟಿಪಿ, ಅಂದರೆ ದಿನಕ್ಕೆ 160 ಸಾವಿರ ಲೀಟರಿನದ್ದು. ಆದರೆ ಇದು ಲೇಔಟ್ ಪೂರ್ತಿ ತುಂಬಿದ ಮೇಲಿನ ಲೆಕ್ಕ. ಸೈಟು ಕೊಂಡವರಲ್ಲಿ ಎಷ್ಟೋ ಜನ ರೇಟು ಏರಲಿ ಅಂತ ಕಾಯುವವರು. ಮೊದಲ ಕೆಲವು ವರ್ಷ ಅಲ್ಲೊಂದು ಇಲ್ಲೊಂದು ಮನೆ ಏಳುತ್ತದೆ, ಅಷ್ಟೆ. ಆ ವರ್ಷಗಳಿಗೂ ಡಿಸೈನ್ ಮಾಡಲೇಬೇಕು ಅಂತ ನಾನು ಹಟ ಹಿಡಿದೆ.

ಬೋರ್ ಕೊರೆದ ದಿನ 'ಎರಡು ಇಂಚು ನೀರು ಸಾರ್' ಅನ್ನುತ್ತಾರೆ. ಆ ಮಾತನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೇಸಿಗೆಯಲ್ಲಿ 24 ಗಂಟೆ ಪಂಪ್ ಓಡಿಸಿ, ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೆ ಬಂತು ಅಂತ ನೋಡಿದೆವು. ಈ ಭಾಗದಲ್ಲಿ ಅಂತರ್ಜಲ ಮೊದಲೇ ಸೊರಗಿದೆ. ನೀರಿನ ರಿಪೋರ್ಟ್‌ನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಫ್ಲೋರೈಡ್, ನೈಟ್ರೇಟ್ ಮೇಲೆ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ದಾಟಿದರೆ ಅದು ಕುಡಿಯುವ ನೀರಲ್ಲ. ಗಡಸು ನೀರನ್ನು ಜನ ಹೇಗೋ ಸಹಿಸುತ್ತಾರೆ, ಗೀಸರ್ ಸಹಿಸುವುದಿಲ್ಲ.

ಯುಜಿಡಿಯಲ್ಲಿ ಕಂಟ್ರಾಕ್ಟರ್‌ಗೂ ನನಗೂ ಜಗಳ. 'ದೊಡ್ಡ ಪೈಪೇ ಹಾಕಿಬಿಡೋಣ ಸಾರ್, ಸೇಫ್' ಅಂತ ಅವರು. ನಾಲ್ಕು ಮನೆಯ ನೀರು ದೊಡ್ಡ ಪೈಪಿನಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ, ಗಟ್ಟಿ ಪದಾರ್ಥ ಅಲ್ಲೇ ಕೂರುತ್ತದೆ. ಹರಿವು ಜೋರಾಗಿರುವ ಬೆಳಗಿನ ಹೊತ್ತಿನಲ್ಲಾದರೂ ಸೆಕೆಂಡಿಗೆ 0.6 ಮೀಟರ್ ವೇಗ ಸಿಗಬೇಕು. ಹಾಗಾಗಿ ತುದಿಯ ಬೀದಿಗಳಿಗೆ 150 ಮಿಮೀ ಪೈಪ್, ಇಳಿಜಾರು ಜಾಸ್ತಿ. 30 ಮೀಟರಿಗೊಂದು ಮ್ಯಾನ್‌ಹೋಲ್. ನೀರಿನ ಪೈಪನ್ನು 3 ಮೀಟರ್ ದೂರ ಇಟ್ಟೆವು. ಎರಡೂ ಅಡ್ಡ ಹಾಯುವ ಕಡೆ ನೀರಿನದ್ದು ಮೇಲೆ. ಇಷ್ಟಾದರೂ ಮನೆಗಳು ಕಮ್ಮಿ ಇದ್ದಾಗ ತುದಿಯ ಮ್ಯಾನ್‌ಹೋಲ್‌ಗಳಿಗೆ ಆಗಾಗ ಟ್ಯಾಂಕರ್ ನೀರು ಬಿಟ್ಟು ತೊಳೆಯಬೇಕಾಯಿತು.

ಎಸ್‌ಟಿಪಿ ಇನ್ನೂ ನಾಜೂಕು. ಅಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಅದಕ್ಕೆ ಕೊಳಚೆಯೇ ಊಟ. 20 ಮನೆಯಿಂದ ದಿನಕ್ಕೆ ಬರುವುದು ಸುಮಾರು 11 ಸಾವಿರ ಲೀಟರ್. 160 ಕೆಎಲ್‌ಡಿಯನ್ನು ಒಂದೇ ಘಟಕವಾಗಿ ಕಟ್ಟಿದರೆ ಬ್ಯಾಕ್ಟೀರಿಯಾ ಉಪವಾಸ, ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಸುಮ್ನೆ ಕರೆಂಟ್ ತಿನ್ನುತ್ತದೆ. ಅದಕ್ಕೇ 40, 60, 60 ಅಂತ ಮೂರು ಭಾಗ ಮಾಡಿದೆವು. ಕೊನೆಯದಕ್ಕೆ ಟ್ಯಾಂಕ್ ಮಾತ್ರ ಕಟ್ಟಿ, ಮೆಷಿನ್ ಆಮೇಲೆ ಅಂತ ಬಿಟ್ಟೆವು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟ ಅರ್ಜಿಯಲ್ಲೂ ಹಂತಗಳನ್ನು ಹೀಗೇ ತೋರಿಸಿದೆವು. ಓಡುತ್ತಿದ್ದ ಬೇರೆ ಎಸ್‌ಟಿಪಿಯಿಂದ ಟ್ಯಾಂಕರ್‌ನಲ್ಲಿ ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು, ತಂದು ಹಾಕಿ, ಕೊಳಚೆ ಸಾಲದ ದಿನ ಬೆಲ್ಲ, ಸೆಗಣಿ ಕೊಟ್ಟೆವು. ನಗಬೇಡಿ, ಎಷ್ಟೋ ಕಡೆ ಹೀಗೇ ಮಾಡುತ್ತಾರೆ. ಒಂದು ಲೀಟರ್ ಜಾರ್‌ಗೆ ಟ್ಯಾಂಕಿನ ನೀರು ತುಂಬಿ, ಅರ್ಧ ಗಂಟೆಯಲ್ಲಿ ಕೆಳಗೆ ಎಷ್ಟು ಕೂರುತ್ತದೆ ಅಂತ ನೋಡಿದರೆ ಆಪರೇಟರ್‌ಗೆ ಪರಿಸ್ಥಿತಿ ಗೊತ್ತಾಗುತ್ತದೆ.

ಇನ್ನು ದುಡ್ಡು. ಮನೆ ಇಪ್ಪತ್ತೇ ಇರಲಿ, ಇನ್ನೂರೇ ಇರಲಿ, ಆಪರೇಟರ್ ಸಂಬಳ, ವಾಟರ್‌ಮನ್ ಸಂಬಳ ಅಷ್ಟೇ. ಇಪ್ಪತ್ತು ಮನೆಯವರ ತಲೆ ಮೇಲೆ ಎಲ್ಲವನ್ನೂ ಹೊರಿಸಲು ಆಗುವುದಿಲ್ಲ ಅಲ್ವಾ? ಖಾಲಿ ಸೈಟಿಗೂ ತಿಂಗಳ ನಿಗದಿ ಶುಲ್ಕ, ಮನೆಗೆ ಅದರ ಮೇಲೆ ಮೀಟರ್ ಪ್ರಕಾರ ಬಿಲ್. ಇದನ್ನು ಮೊದಲ ಸೈಟು ಮಾರುವ ಮುಂಚೆಯೇ ಕ್ರಯಪತ್ರದಲ್ಲಿ ಬರೆಸಿದೆವು. ಪಂಪ್, ಬ್ಲೋವರ್ ಬದಲಿಸುವ ದುಡ್ಡಿಗೆ ಬೇರೆಯೇ ಬ್ಯಾಂಕ್ ಖಾತೆ. ಡೆವಲಪರ್ ಕಡೆಯವರಿಗೆ ಇದು ಇಷ್ಟವಿರಲಿಲ್ಲ, ಗಿರಾಕಿ ಹೆದರುತ್ತಾರೆ ಅಂದರು. ಒಂದಿಬ್ಬರು ವಾಪಸ್ ಹೋದದ್ದೂ ನಿಜ. ಆಮೇಲೆ ಸೈಟುದಾರರ ಸಂಘದ ಮೀಟಿಂಗ್‌ನಲ್ಲಿ 'ಮನೆಯೇ ಕಟ್ಟಿಲ್ಲ, ನೀರಿನ ದುಡ್ಡು ಯಾಕ್ರೀ?' ಅಂತ ಗಲಾಟೆ ಎದ್ದಾಗ ಕಾರ್ಯದರ್ಶಿ ಕ್ರಯಪತ್ರದ ಆ ಪುಟವನ್ನು ಓದಿ ಹೇಳಿದರು. ಬೈದುಕೊಂಡೇ ಕಟ್ಟಿದರು, ಆದರೆ ಕಟ್ಟಿದರು.