ಹಳೆ ಟೇಪಿನ ಬಾಚಣಿಗೆ ಗೆರೆ ಹೋಗಿದ್ದು ಹೀಗೆ

ಕೊಪ್ಪಳದ ಹತ್ತಿರ ನಮ್ಮೂರಲ್ಲಿ ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದಿದ್ದ ದೊಡ್ಡಾಟದ ಟೇಪನ್ನು ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿದೆ. ವೇಷದವರು ನಿಂತಾಗ ಚಿತ್ರ ನೆಟ್ಟಗಿರುತ್ತಿತ್ತು. ಕುಣಿಯೋಕೆ ಶುರು ಮಾಡಿದರೆ ಸಾಕು, ಕಿರೀಟದ ಅಂಚು, ಬೀಸಿದ ಕತ್ತಿ ಎಲ್ಲಾ ಬಾಚಣಿಗೆ ಹಲ್ಲಿನಂತೆ ಸೀಳಿ ಕಾಣುತ್ತಿತ್ತು.

ಕೇಬಲ್ ಬದಲಿಸಿದೆ, ಟೇಪ್ ಓದುವ ಹೆಡ್ ಕ್ಲೀನ್ ಮಾಡಿದೆ, ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಏರಿಸಿದೆ. ಏನೂ ಆಗಲಿಲ್ಲ. ಚಿತ್ರವನ್ನು 1080 ಗೆರೆ ಎತ್ತರಕ್ಕೆ ದೊಡ್ಡದು ಮಾಡಿದಾಗ ಗೆರೆ ಇನ್ನೂ ದಪ್ಪ ಆದವು. ಒಂದು ಸ್ಟುಡಿಯೋದಲ್ಲಿ ಟೇಪೇ ಕೆಟ್ಟಿದೆ ಅಂದರು, ಅದು ತಪ್ಪು. ಡೀಇಂಟರ್‌ಲೇಸ್ (ಹೆಣೆದ ಗೆರೆಗಳನ್ನು ಬಿಡಿಸುವ ಆಯ್ಕೆ) ಒತ್ತಿದೆ, ಗೆರೆ ಹೋಯಿತು, ಆದರೆ ಕತ್ತಿ ಮುಂದೆ, ಹಿಂದೆ, ಮತ್ತೆ ಮುಂದೆ ಅಂತ ಜಗ್ಗತೊಡಗಿತು.

ಸಿಕ್ಕು ಇದ್ದದ್ದು ಅಲ್ಲೇ. ನಮ್ಮಲ್ಲಿ ಬಳಸುತ್ತಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದೊಂದರಲ್ಲೂ 2 ಫೀಲ್ಡ್, ಅಂದರೆ ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರಗಳು: ಮೊದಲ ಗೆರೆಯಿಂದ ಶುರುವಾದದ್ದು ಮೇಲಿನದು, ಎರಡನೆಯದರಿಂದ ಶುರುವಾದದ್ದು ಕೆಳಗಿನದು. ಅವುಗಳ ನಡುವೆ 1/50 ಸೆಕೆಂಡ್ ಅಂತರ, ಅದಕ್ಕೇ ಕುಣಿತದಲ್ಲಿ ಮಾತ್ರ ಬಾಚಣಿಗೆ ಗೆರೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ನನ್ನ ಸೆಟ್ಟಿಂಗ್ ಮೇಲಿನದನ್ನು ಮೊದಲು ಓದುತ್ತಿತ್ತು.

ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಲ್ಲಿ ಯಾಡಿಫ್ ಎಂಬ ಡೀಇಂಟರ್‌ಲೇಸ್ ಫಿಲ್ಟರ್‌ಗೆ 1:1:0 ಕೊಟ್ಟೆ. ಮೊದಲ 1 ಅಂದರೆ ಪ್ರತಿ ಫೀಲ್ಡಿಗೂ ಒಂದು ಫ್ರೇಮ್, ಹಾಗಾಗಿ ಸೆಕೆಂಡಿಗೆ 50. ಎರಡನೇ 1 ಅಂದರೆ ಕೆಳ ಫೀಲ್ಡ್ ಮೊದಲು. ಕೊನೆಯ 0 ಅಂದರೆ ಎಲ್ಲ ಫ್ರೇಮಿಗೂ ಅನ್ವಯ. ಇದಾದ ಮೇಲೆಯೇ ಅಳತೆ ಬದಲಿಸಬೇಕು: 720×576 ಪಿಕ್ಸೆಲ್ ಇದ್ದದ್ದು, ಚಿತ್ರ ಸರಿಯಾದ ಅಗಲಕ್ಕೆ ಬರಲು, 768×576. ಮೊದಲೇ ಎತ್ತರ ಬದಲಿಸಿದರೆ ಎರಡೂ ಫೀಲ್ಡ್ ಕಲಸಿಹೋಗುತ್ತವೆ, ಆಮೇಲೆ ಯಾವ ಫಿಲ್ಟರೂ ಬಿಡಿಸದು. ನಂತರ ಎಚ್.264 ಎಂಬ ವಿಡಿಯೋ ಮಾದರಿಯಲ್ಲಿ ಉಳಿಸಿದೆ, ಗುಣಮಟ್ಟದ ಅಂಕೆ ಸಿಆರ್‌ಎಫ್ 18.

ಪೂರ್ತಿ ಓಡಿಸೋ ಮುಂಚೆ 10 ಸೆಕೆಂಡಿನ ತುಂಡು ಮಾಡಿ, ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕತ್ತಿ ಒಂದೇ ದಿಕ್ಕಿಗೆ ಹೋಗಬೇಕು.